ಎದುರು ಪಕ್ಷಕ್ಕೆ ಸೇರಿದ ಆಂಟಿ

ಆಂಟಿಯ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಸಂಧಿವಾತ. ಅವರು ಏನನ್ನಾದರೂ ತೋರಿಸಿದರೆ ಬೆರಳು ಅದರ ಪಕ್ಕದ್ದನ್ನು ತೋರಿಸುತ್ತಿತ್ತು. "ನನ್ನ ಬೆರಳು ನೋಡ್ಬೇಡ, ಕಣ್ಣು ನೋಡು" ಎನ್ನುತ್ತಿದ್ದರು. ಆ ಸೊಟ್ಟ ಬೆರಳನ್ನು ಚುನಾವಣೆಯ ದಪ್ಪ ಕೈಪಿಡಿಯ ಮೇಲೆ ಊರಿ, ಸಾಲು ಸಾಲಾಗಿ ಸರಿಸುತ್ತಾ, ಒಂದಕ್ಷರ ಬಿಡದೆ ಓದುವುದು ಅವರ ಪದ್ಧತಿ. ಸ್ಯಾನ್ ರಮೋನಿನ ನಮ್ಮ ಬೀದಿಯಲ್ಲಿ ಆ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದುತ್ತಿದ್ದವರು ಅವರೊಬ್ಬರೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಮ್ಮದೂ ಅವರದೂ ಒಂದೇ ಬೇಲಿ. ಕೊಡಗಿನ ವಿರಾಜಪೇಟೆ ಕಡೆಯವರು, ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸ್ಯಾಕ್ರಮೆಂಟೊದಲ್ಲಿ ಒಬ್ಬ ಅಣ್ಣನ ಮಗನಿದ್ದ. ನಾನು ಧಾರವಾಡದವಳು. ಬಂದ ಹೊಸದರಲ್ಲಿ ನನ್ನ ಮಾತು ಕೇಳಿ, "ಇದು ಜಗಳವಾ, ಮಾತುಕತೆಯಾ?" ಎಂದು ನನ್ನನ್ನೇ ಕೇಳಿದ್ದರು.

ನನಗೆ ಇಲ್ಲಿನ ಪೌರತ್ವ ಸಿಕ್ಕ ವರ್ಷ ಮೊದಲ ಮತಚೀಟಿ ಅಂಚೆಯಲ್ಲಿ ಬಂತು. ಕುಕ್ಕರಿನ ಮೂರು ಸೀಟಿ ಆಗುವುದರೊಳಗೆ ತುಂಬಿ ಮುಗಿಸುವ ಅಂದಾಜು ನನ್ನದು. ಆಂಟಿ ಬೇಲಿಯಾಚೆಯಿಂದ ಕಂಡರು. "ಓದದೆ ಪರೀಕ್ಷೆ ಬರೀಲಿಕ್ಕುಂಟಾ? ತಗೊಂಡು ಬಾ ಇಲ್ಲಿ" ಎಂದರು. ಅವತ್ತು ಅವರ ಊಟದ ಮೇಜಿನ ಮೇಲೆ ಎರಡು ಲೋಟ ಕಾಫಿ, ಎರಡು ಕೈಪಿಡಿ, ಒಂದು ಚೂಪಾದ ಪೆನ್ಸಿಲು. ನೀರಿನ ತೆರಿಗೆಯಿಂದ ಹಿಡಿದು ನ್ಯಾಯಾಧೀಶರವರೆಗೆ ಒಂದೊಂದರ ಮೇಲೂ ವಾದ ಮಾಡಿದರು. ವಾದ ಮುಗಿದದ್ದೇ ತಮ್ಮ ಕುರ್ಚಿ ಎತ್ತಿ ಕಿಟಕಿಯ ಕಡೆ ತಿರುಗಿಸಿ ಕೂತರು. "ಇನ್ನು ನಾನಿಲ್ಲ ಅಂತ ತಿಳ್ಕೊ. ನಿನ್ನ ಗೀಟು ನಿನ್ನದು." ನಾನು ಬರೆದು, ಲಕೋಟೆ ಅಂಟಿಸುವವರೆಗೂ ಅವರು ಹೊರಗಿನ ನಿಂಬೆ ಗಿಡವನ್ನೇ ನೋಡುತ್ತಿದ್ದರು. ಅಂದಿನಿಂದ ಪ್ರತಿ ಚುನಾವಣೆಗೂ ಅದೇ ಮೇಜು, ಅದೇ ತಿರುಗುವ ಕುರ್ಚಿ.

ನಮ್ಮಿಬ್ಬರ ಪಕ್ಷಗಳು ಬೇರೆ ಬೇರೆ. ಅದರಿಂದ ಜಗಳ ಬಂದದ್ದು ಕಡಿಮೆ, ಒಂದು ವಿಷಯವನ್ನು ಬಿಟ್ಟರೆ. ಅದು ಕೋವಿ.

ಆಂಟಿಯ ಗರಾಜಿನ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯಿತ್ತು, ಅದರೊಳಗೆ ಒಂದು ಶಾಟ್‌ಗನ್. ಕಾಗದಪತ್ರವೆಲ್ಲ ಸರಿಯಾಗಿತ್ತು. ಕೊಡವರಿಗೆ ಕೋವಿಯೆಂದರೆ ಮನೆಯ ಹಿರಿಯನಿದ್ದಂತೆ ಎಂದು ಅವರನ್ನು ನೋಡಿಯೇ ನನಗೆ ಗೊತ್ತಾದದ್ದು. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬದ ದಿನ, ಅದನ್ನು ಹೊರತೆಗೆದು ಒರೆಸಿ, ಎಣ್ಣೆ ಸವರಿ, ಗಂಧದ ಬೊಟ್ಟಿಟ್ಟು ಪೂಜೆ ಮಾಡುತ್ತಿದ್ದರು. ಊರಿನಲ್ಲಿ ಅದಕ್ಕೆಂದೇ ಕಾಡಿನ ಕೆಂಪು ಹೂವೊಂದನ್ನು ಏರಿಸುತ್ತಾರಂತೆ. ಇಲ್ಲಿ ಗ್ರೋಸರಿ ಅಂಗಡಿಯ ಕಿತ್ತಳೆ ಲಿಲ್ಲಿಯಲ್ಲೇ ಸುಧಾರಿಸುತ್ತಿದ್ದರು. ಆಮೇಲೆ ಅಕ್ಕಿತರಿಯ ಉಂಡೆ, ಕಡಂಬುಟ್ಟು. ಅವರಿಗೆ ಹಂದಿ ಪಲ್ಯದ ಜೊತೆ, ನಮಗೆ ಕಾಳಿನ ಸಾರಿನ ಜೊತೆ, ಬೇರೆ ಪಾತ್ರೆ, ಬೇರೆ ಸೌಟು. ಆರು ವರ್ಷದ ನನ್ನ ಮಗಳು ಲಿಲ್ಲಿಯನ್ನು ನಳಿಗೆಗೆ ತಾನೇ ಸಿಕ್ಕಿಸಬೇಕೆಂದು ಹಟ ಹಿಡಿಯುತ್ತಿದ್ದಳು. ಅವಳು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು.

ಮಗಳಿಗೆ ಹದಿನಾರಾದಾಗ ಅವಳ ಶಾಲೆಯಲ್ಲಿ ಒಂದು ದಿನ ಬಾಗಿಲುಗಳನ್ನೆಲ್ಲ ಮುಚ್ಚಿದರು. ಯಾರೋ ಕೋವಿ ಹಿಡಿದು ಒಳಗೆ ಬಂದಿದ್ದಾನೆಂದು ಸುದ್ದಿ. ಮಕ್ಕಳು ಎರಡು ತಾಸು ದೀಪ ಆರಿಸಿಕೊಂಡು ಬೆಂಚಿನ ಕೆಳಗೆ ಕೂತಿದ್ದರು. ಕೊನೆಗೆ ನೋಡಿದರೆ ಯಾರೂ ಬಂದಿರಲಿಲ್ಲ, ಸುಳ್ಳು ಸುದ್ದಿ. ಆದರೆ ಆ ಎರಡು ತಾಸಿನಲ್ಲಿ ಅವಳು ನನಗೆ ಕಳಿಸಿದ ಮೆಸೇಜುಗಳು ಸುಳ್ಳಲ್ಲ. ಅವು ಇನ್ನೂ ನನ್ನ ಫೋನಿನಲ್ಲಿವೆ, ನಾನು ತೆರೆದು ನೋಡುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ಅವಳು ಹಬ್ಬಕ್ಕೆ ಬರಲಿಲ್ಲ. ಕುಕ್ಕರಿನ ಸೀಟಿಗೂ ಬೆಚ್ಚುತ್ತಿದ್ದಳು. ಮರುವರ್ಷ ಅಧ್ಯಕ್ಷರ ಚುನಾವಣೆಯ ಗಾಳಿ ಎದ್ದಾಗ, ಕೋವಿ ಕಾನೂನು ಬಿಗಿ ಮಾಡುತ್ತೇನೆಂದ ಒಬ್ಬ ಅಭ್ಯರ್ಥಿಯ ಪರವಾಗಿ ಮನೆಮನೆ ಬಾಗಿಲು ತಟ್ಟಲು ಶುರುಮಾಡಿದಳು. ತಟ್ಟದೆ ಬಿಟ್ಟದ್ದು ಪಕ್ಕದ ಮನೆಯ ಬಾಗಿಲೊಂದನ್ನೇ.

ಅಧ್ಯಕ್ಷರ ಚುನಾವಣೆಗೆ ಮುಂಚೆ ಇಲ್ಲಿ ಪ್ರೈಮರಿ ಎಂಬ ಒಳಸುತ್ತು ನಡೆಯುತ್ತದೆ. ಪ್ರತಿ ಪಕ್ಷವೂ ತನ್ನ ಹುರಿಯಾಳು ಯಾರೆಂದು ಅಲ್ಲಿ ಆರಿಸಿಕೊಳ್ಳುತ್ತದೆ. ನಮ್ಮ ಹೆಸರು ಯಾವ ಪಕ್ಷದಲ್ಲಿ ದಾಖಲಾಗಿದೆಯೋ ಆ ಪಕ್ಷದ ಚೀಟಿ ಮನೆಗೆ ಬರುತ್ತದೆ. ಆ ವರ್ಷ ಆಂಟಿಯ ಮೇಜಿಗೆ ಹೋದರೆ, ಅವರ ಮುಂದೆಯೂ ನನ್ನ ಪಕ್ಷದ್ದೇ ಚೀಟಿ.

"ಇದೇನ್ರೀ ಆಂಟಿ, ನಮ್ಮ ಪಾರ್ಟಿಗೆ ಬಂದ್ರ್ಯಾ? ಆರತಿ ತರ್ಲೇನು?" ಎಂದೆ.

"ಬಂದದ್ದಲ್ಲ, ಹೊಕ್ಕದ್ದು. ಆನ್‌ಲೈನ್‌ನಲ್ಲಿ ಒಂದು ನಿಮಿಷದ ಕೆಲಸ. ನಮ್ಮಲ್ಲಿ ಯಾರು ನಿಲ್ಲೋದು ಅಂತ ಮೊದಲೇ ತೀರ್ಮಾನ ಆಗಿದೆ. ಅಲ್ಲಿ ನನ್ನ ವೋಟಿಗೆ ಎಂಥ ಕೆಲಸ? ನಿಮ್ಮಲ್ಲಿ ಐದಾರು ಮಂದಿ ಜಗಳಾಡ್ತಿದ್ದಾರೆ. ಒಬ್ಬ ನಿನ್ನ ಮಗಳ ಮನುಷ್ಯ. ಇನ್ನೊಬ್ಬ ಕೋವಿ ಮಾತು ಬಂದ್ರೆ ನೀರು ಕುಡೀತಾನೆ. ಆ ನೀರು ಕುಡಿಯೋನೇ ಗೆಲ್ಲಲಿ. ನವೆಂಬರಿನ ಕೊನೇ ಸುತ್ತಲ್ಲಿ ಯಾರು ಗೆದ್ದು ಬಂದ್ರೂ ನನ್ನ ಪೆಟ್ಟಿಗೆ ತಂಟೆಗೆ ಬರೋದಿಲ್ಲ."

"ಇದು ಸರಿ ಏನ್ರೀ?"

"ಕಾನೂನಲ್ಲಿ ಉಂಟು" ಎಂದರು. ನಾನು ಕೇಳಿದ್ದು ಅದನ್ನಲ್ಲ ಎಂಬುದು ಅವರಿಗೂ ಗೊತ್ತಿತ್ತು. ನನ್ನ ಪಕ್ಷದಿಂದ ಅವರಿಗೆ ಬರುತ್ತಿದ್ದ 'ಪ್ರಿಯ ಸದಸ್ಯರೇ' ಎಂಬ ಪತ್ರಗಳನ್ನೆಲ್ಲ ಫ್ರಿಜ್ಜಿನ ಮೇಲೆ ಬೋರಲಾಗಿ ಇಟ್ಟಿದ್ದರು. ಅವತ್ತು ನನ್ನ ಸರದಿಗೆ ಅವರು ಕಿಟಕಿಯತ್ತ ತಿರುಗಿದರು, ಅವರ ಸರದಿಗೆ ನಾನು ತಿರುಗಿದೆ. ಯಾವಾಗಲೂ ಚಕಚಕನೆ ಮುಗಿಸುವವರು ಅವತ್ತು ಬಹಳ ಹೊತ್ತು ತೆಗೆದುಕೊಂಡರು.

ಮನೆಗೆ ಬಂದು ಹೇಳಿದರೆ ಮಗಳು, "ದಟ್ಸ್ ಚೀಟಿಂಗ್, ಅಮ್ಮಾ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಎಣಿಕೆ ಶುರುವಾದ ವಾರವೇ ಆಂಟಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ಮತ್ತೆ ನಡೆಯಲು ಕಲಿಸುವ ರಿಹ್ಯಾಬು ಸೇರಿದರು. ಅವರ ಗಿಡಕ್ಕೆ ನೀರು ಹಾಕುವುದು, ಟಪಾಲು ತೆಗೆದಿಡುವುದು ನನ್ನ ಪಾಲಿಗೆ ಬಂತು. ಒಂದು ಸಂಜೆ ಆ ಟಪಾಲಿನಲ್ಲಿ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಚುನಾವಣಾ ಕಚೇರಿಯ ಲಕೋಟೆಯೊಂದು ಸಿಕ್ಕಿತು. 'ನಿಮ್ಮ ಮತಚೀಟಿಯ ಸಹಿ, ತಕ್ಷಣ ಗಮನಿಸಿ' ಎಂದು ಹೊರಗೇ ಅಚ್ಚಾಗಿತ್ತು. ಆಂಟಿಯ ಜೊತೆ ಕೈಪಿಡಿ ಓದಿದ್ದ ನನಗೆ ಅರ್ಥವಾಯಿತು. ಲಕೋಟೆಯ ಮೇಲಿನ ಸಹಿ ದಾಖಲೆಯಲ್ಲಿರುವುದಕ್ಕೆ ಹೊಂದಿಲ್ಲ. ಒಳಗಿನ ಅರ್ಜಿಗೆ ಸರಿಯಾದ ಸಹಿ ಹಾಕಿ ಗಡುವಿನೊಳಗೆ ಮುಟ್ಟಿಸದಿದ್ದರೆ ಆ ವೋಟು ಎಣಿಕೆಗಿಲ್ಲ.

ಅದನ್ನು ಮನೆಗೆ ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಗ್ರೋಸರಿ ಕೂಪನ್ನುಗಳ ಕೆಳಗೆ ಇಟ್ಟೆ. ಮರೆತು ಇಟ್ಟದ್ದಲ್ಲ. ಬೆಂಚಿನ ಕೆಳಗೆ ಕೂತ ಮಗಳು ನೆನಪಾದಳು. ಬೇರೆಯವರ ಮನೆಯ ಪಂಚಾಯತಿಯಲ್ಲಿ ಕೂತು ಹಾಕಿದ ವೋಟು, ಹೋದರೆ ಹೋಗಲಿ ಎನ್ನಿಸಿತು. ನಾನೇನು ಹರಿದು ಹಾಕುತ್ತಿಲ್ಲವಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದುಕೊಂಡೆ. ಹೀಗೆ ಎರಡು ದಿನ ಕಳೆಯಿತು. ಎರಡೂ ಸಂಜೆ ರಿಹ್ಯಾಬಿಗೆ ಹೋಗಿ ಅವರಿಗೆ ಮಜ್ಜಿಗೆ ಅನ್ನ ಕೊಟ್ಟು ಬಂದೆ, ಪತ್ರದ ಮಾತೆತ್ತಲಿಲ್ಲ. ಎರಡನೆಯ ಸಂಜೆ ನರ್ಸು ಬಂದು ಅವರ ಬಟ್ಟೆ ಬದಲಿಸುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ನಿಂತವಳಿಗೆ ಆಂಟಿಯ ತಿರುಗುವ ಕುರ್ಚಿ ನೆನಪಾಯಿತು. ನನ್ನ ಗೀಟನ್ನು ಒಮ್ಮೆಯೂ ಇಣುಕಿ ನೋಡದವರ ಗೀಟನ್ನು ನಾನು ಅಳಿಸಲು ಹೊರಟಿದ್ದೆ.

ಮರುದಿನ ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಲಕೋಟೆ ಒಯ್ದೆ. ಒಡೆದು ನೋಡಿದರೆ ಅದೇ ದಿನ ಗಡುವು ಮುಗಿಯುತ್ತಿತ್ತು. ಆಂಟಿ ಬೆರಳಿಟ್ಟು ಪೂರ್ತಿ ಓದಿದರು.

"ಯಾವಾಗ ಬಂತು ಇದು?"

"ಮೂರು ದಿನ ಆತ್ರೀ. ನಾನೇ ಇಟ್ಟುಕೊಂಡಿದ್ದೆ."

ಅವರು ನನ್ನ ಮುಖ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಪೆನ್ನು ಕೊಡು" ಎಂದರು.

ಸಹಿ ಮಾಡುತ್ತಾ ತಾವೇ ಹೇಳಿದರು. "ಇದರಲ್ಲಿ ತಪ್ಪು ನನ್ನದು. ಚೀಟಿಯಲ್ಲಿ ಗೀಟು ಹಾಕಿದೆ, ಲಕೋಟೆಗೆ ಸೈನ್ ಮಾಡ್ಬೇಕು, ಕೈಯೇ ಓಡ್ಲಿಲ್ಲ. ಸುಳ್ಳು ಪಾರ್ಟಿಗೆ ಸೇರಿ ಕೂತಿದ್ದೇನೆ, ಹೆಸರಾದ್ರೂ ನನ್ನದೇ ಇರ್ಲಿ ಅಂತ, ಶಾಲೆಯಲ್ಲಿ ಬರೀತಿದ್ದ ಹಾಗೆ ಬರೆದುಬಿಟ್ಟೆ. ಮುಂದೆ ಮನೆತನದ ಹೆಸರು, ಹಿಂದೆ ನನ್ನದು, ಕನ್ನಡದಲ್ಲಿ. ಇಲ್ಲಿಯ ಕಂಪ್ಯೂಟರಿಗೆ ಅದು ನಾನೇ ಅಂತ ಹೇಗೆ ಗೊತ್ತಾಗ್ಬೇಕು?"

ನನಗೆ ನಗು ಬಂತು, ಅದರ ಜೊತೆಗೆ ಅಳುವೂ ಬಂತು. ಅಲ್ಲಿಂದ ನೇರ ಚುನಾವಣಾ ಕಚೇರಿಯಿರುವ ಮಾರ್ಟಿನೆಜ್‌ಗೆ ಕಾರು ಬಿಟ್ಟೆ. 680 ಫ್ರೀವೇಯಲ್ಲಿ ಟ್ರಾಫಿಕ್ಕು ಕಟ್ಟಿಕೊಂಡಿತ್ತು. ನನಗೆ ಬೇಡವಾದ ವೋಟೊಂದನ್ನು ಮುಟ್ಟಿಸಲು ನಾನು ಅಷ್ಟು ಚಡಪಡಿಸಿದ್ದನ್ನು ನೆನೆದರೆ ಈಗಲೂ ವಿಚಿತ್ರ ಎನ್ನಿಸುತ್ತದೆ. ಕೌಂಟರಿನ ಹೆಂಗಸು ಅರ್ಜಿ ತೆಗೆದುಕೊಂಡು, ಸಹಿ ನೋಡಿ, ಸರಿಯಾಗಿದೆ ಎಂದಳು.

ಆಂಟಿಯ ನೀರು ಕುಡಿಯುವ ಮನುಷ್ಯ ಗೆಲ್ಲಲಿಲ್ಲ, ಮಗಳ ಮನುಷ್ಯನೂ ಕೊನೆಗೆ ಉಳಿಯಲಿಲ್ಲ, ಹುರಿಯಾಳಾದದ್ದು ಇನ್ನೊಬ್ಬ. ಮನೆಗೆ ಬಂದ ಆಂಟಿ ವಾಕರ್ ಹಿಡಿದು ಮಾಡಿದ ಮೊದಲ ಕೆಲಸವೆಂದರೆ ಕಂಪ್ಯೂಟರಿನ ಮುಂದೆ ಕೂತು ತಮ್ಮ ಹಳೆಯ ಪಕ್ಷಕ್ಕೆ ವಾಪಸಾದದ್ದು. "ವೋಟು ಎಣಿಸಿದ್ದು ಒಳ್ಳೇದಾಯ್ತು. ಆದ್ರೆ ಆ ಕಡೆ ಹೋಗಿ ಕೂತದ್ದು ನನಗೆ ಒಗ್ಗಲಿಲ್ಲ" ಎಂದರು. ಕೋವಿಯ ಬಗ್ಗೆ ಅವರ ಮಾತು ಕೂದಲೆಳೆಯಷ್ಟೂ ಬದಲಾಗಲಿಲ್ಲ. ನನ್ನದೂ ಇಲ್ಲ.

ಬದಲಾದದ್ದು ಇನ್ನೊಂದು. ಮಗಳು ಒಂದು ಭಾನುವಾರ ಹೇಗೋ ಮನಸ್ಸು ಮಾಡಿ ಅವರನ್ನು ನೋಡಲು ಬಂದಳು. ಆಂಟಿ ಅವಳ ಕೈ ಹಿಡಿದು ನನ್ನೆದುರಿಗೇ ಹೇಳಿದರು. "ನನ್ನ ವೋಟು ನಿನಗೆ ಆಗೋದಿಲ್ಲ, ನನಗೆ ಗೊತ್ತುಂಟು. ನಿನ್ನಮ್ಮನಿಗೂ ಆಗೋದಿಲ್ಲ. ಆದ್ರೂ ಕಾಗದ ಬಂದ ದಿವಸವೇ ಓಡಿ ತಂದು ಕೊಟ್ಟಳು. ಇಂಥವಳ ಮಗಳು ನೀನು." ನಾನು ತಲೆ ಎತ್ತಲಿಲ್ಲ. ಸುಳ್ಳು ಪಕ್ಷದಡಿ ಒಂದು ಸಹಿ ಮಾಡಲು ಕೈಯೋಡದಿದ್ದವರು ನನಗಾಗಿ ಎಷ್ಟು ಸರಾಗವಾಗಿ ಸುಳ್ಳು ಹೇಳಿದರು. ಮಗಳು ಅವರ ಕಾಲ ಬಳಿ ಕೂತಳು. ಆ ವರ್ಷದ ಕೈಲ್‌ಪೊಳ್ದ್‌ಗೆ ಬಂದಳು ಕೂಡ. ಗರಾಜಿಗೆ ಕಾಲಿಡಲಿಲ್ಲ. ಲಿಲ್ಲಿಯನ್ನು ಮಾತ್ರ ತಾನೇ ಹೋಗಿ ತಂದಿದ್ದಳು.

ಆಂಟಿ ಹೋಗಿ ಎರಡು ವರ್ಷವಾಯಿತು. ನಿದ್ದೆಯಲ್ಲೇ ಹೋದರು. ಕೊಡವರಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಸ್ಯಾನ್ ರಮೋನಿನಲ್ಲಿ ಹಾಗೆಲ್ಲ ಹಾರಿಸುವಂತಿಲ್ಲ. ಅವರ ಮನೆತನದವರು ವಿರಾಜಪೇಟೆಯ ಅಂಗಳದಲ್ಲಿ ಹಾರಿಸಿ, ಅದರ ಸದ್ದನ್ನು ವಾಟ್ಸಾಪಿನಲ್ಲಿ ಕಳಿಸಿದರು. ಇಲ್ಲಿ ಅಂತ್ಯಕ್ರಿಯೆಯ ಸಭಾಂಗಣದಲ್ಲಿ ಅವರ ಅಣ್ಣನ ಮಗ ಶವಪೆಟ್ಟಿಗೆಯ ಪಕ್ಕ ನಿಂತು ಫೋನು ಎತ್ತಿ ಹಿಡಿದ. ಎರಡು ಸಣ್ಣ ಸದ್ದು, ನಡುವೆ ಯಾವುದೋ ನಾಯಿಯ ಬೊಗಳು. ನಾನು ಮಗಳನ್ನೇ ನೋಡುತ್ತಿದ್ದೆ. ಅವಳು ಎರಡು ಸಲವೂ ಬೆಚ್ಚಿದಳು. ಕಿವಿ ಮುಚ್ಚಿಕೊಳ್ಳಲಿಲ್ಲ.

ಪಾರ್ಕಿಂಗಿನಲ್ಲಿ ಕಾರು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅವತ್ತು ಅಜ್ಜಿ ನಿನಗೆ ಹೇಳಿದ್ದು ಖರೆ ಅಲ್ಲ. ಕಾಗದ ಬಂದ ದಿನ ನಾನು ಕೊಟ್ಟಿರಲಿಲ್ಲ. ಎರಡು ದಿನ ಮುಚ್ಚಿಟ್ಟಿದ್ದೆ" ಎಂದೆ.

"ಐ ನೋ, ಅಮ್ಮಾ" ಎಂದಳು. ಆಮೇಲೆ, ಎಂದೂ ಇಲ್ಲದಂತೆ, ಪದ ಪದ ಹುಡುಕಿಕೊಂಡು ಕನ್ನಡದಲ್ಲೇ ಹೇಳಿದಳು. "ಕೂಪನ್ ಕೆಳಗೆ ಇತ್ತು. ನಾನೂ ನೋಡಿದ್ದೆ. ನಾನೂ ಸುಮ್ನೆ ಇದ್ದೆ."