ಮಡಿಯಾದ ಡ್ರೈವ್

ನಮ್ಮ ಕಡೆ ಮದುವೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆಯುವಾಗ ಹಾಡು ಹೇಳಬೇಕು. ನಮ್ಮಮ್ಮ ಹೇಳುತ್ತಿದ್ದಳು. ಅವಳು ತೀರಿಕೊಳ್ಳುವ ಮೊದಲು ಯಜಮಾನರು ಅದನ್ನು ವಿಡಿಯೊ ಮಾಡಿ, ಅಂಗೈಯಗಲದ ಹಾರ್ಡ್ ಡ್ರೈವಿಗೆ ಹಾಕಿಟ್ಟಿದ್ದರು. ಮನೆಯ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋದ ಮೇಲೆ ಅಮ್ಮನ ದನಿ ಉಳಿದದ್ದು ಅದೊಂದರಲ್ಲೇ. ಹೊಳೆನರಸೀಪುರದ ನಮ್ಮ ಮನೆಯ ದೇವರ ಗೂಡಿನಲ್ಲಿ, ಅರಿಶಿನದ ಬಟ್ಟಲ ಪಕ್ಕ ಇಟ್ಟಿದ್ದೆ.

ಚನ್ನರಾಯಪಟ್ಟಣದಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಹಸೆಗೆ ಅಮ್ಮನ ಹಾಡನ್ನೇ ಹಾಕಿಸೋಣ ಎಂದೆ. ಹಾಕಿಸದಿದ್ದರೆ ನೆಂಟರು ಕೇಳುತ್ತಾರೆಂದು ಅಕ್ಕ ಒಪ್ಪಿದಳು. ಅವಳದು ಸೇಬಿನ ಗುರುತಿನ ಲ್ಯಾಪ್‌ಟಾಪ್. ಅದಕ್ಕೆ ಡ್ರೈವ್ ಸಿಕ್ಕಿಸಿದಾಗ ಅಮ್ಮ ಕಂಡಳು, ಹಾಡಿದಳು. ಆದರೆ ಅಕ್ಕ ನಿಶ್ಚಿತಾರ್ಥದ ವಿಡಿಯೊ ಅದಕ್ಕೆ ತುಂಬಲು ಹೋದರೆ ಹಿಡಿಯಲಿಲ್ಲ. ನಮ್ಮ ವಿಂಡೋಸ್ ಕಂಪ್ಯೂಟರಿಗೆ ಹೊಂದುವಂತೆ ಮಾಡಿಸಿದ್ದ ಡ್ರೈವ್ ಅದು. ಅವಳದು ಓದುತ್ತದೆ, ಬರೆಯುವುದಿಲ್ಲ. ಛತ್ರದ ವಿಡಿಯೊದವನದು ಮತ್ತೆ ವಿಂಡೋಸ್. ಮದುವೆಯವರೆಗೆ ಅಮ್ಮನ ಹಾಡನ್ನು ನಿನ್ನದರಲ್ಲಿ ಇಳಿಸಿಕೊಂಡಿರು ಎಂದು ಕೇಳಿಕೊಂಡೆ.

"ಆ ಗೊಗ್ಗರು ಗಂಟ್ಲು ನನ್ ಲ್ಯಾಪ್‌ಟಾಪಲ್ಲಿ ಯಾಕೆ? ನಿಮ್ಮನೆ ಕಸ ನಿನ್ ತಾವೇ ಇರ್ಲಿ ಕಣೆ. ಆಸನಕ್ಕೋಗಿ ಎಲ್ಲದ್ರಲ್ಲೂ ನಡೆಯಂಗೆ ಮಾಡಿಸ್ಕಂಡು ಬಾ."

ಹಾಸನದ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿ. ಅಂಗಡಿಯವರು ಸಮಾಧಾನವಾಗಿ ವಿವರಿಸಿದರು: ಈಗಿರುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಬೇಡ, ಫ್ಯಾಟ್ ಥರ್ಟಿಟೂ ಮಾಡಿದರೆ ನಾಲ್ಕು ಜಿಬಿ ದಾಟಿದ ವಿಡಿಯೊ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಆದರೆ ಎರಡು ಕಡೆಯೂ ಸಲೀಸು. ನನ್ನ ಮುಖ ನೋಡಿದರು, ಡ್ರೈವಿಗೆ ಅಂಟಿದ್ದ ಅರಿಶಿನ ನೋಡಿದರು, ನನಗೆ ತಿಳಿಯುವ ಮಾತು ಹುಡುಕಿದರು.

"ಪೂರ್ತಿ ಮಡಿ ಮಾಡ್ಬುಡ್ಲಾ ಅಮ್ಮಾ? ಇದ್ರಲ್ಲಿರೋದೆಲ್ಲ ಐತೆ ತಾನೆ?"

"ಎಲ್ಲಾ ಐತೆ ಸಾ," ಅಂದೆ.

ಡ್ರೈವಿನೊಳಗೆ ಇದೆಯಲ್ಲ ಎಂದು ನಾನು ಹೇಳಿದ್ದು. ಬೇರೆ ಕಡೆ ಇದೆಯೇ ಎಂದು ಅವರು ಕೇಳಿದ್ದು. ಸೀರೆ ಮಡಿ ಮಾಡಿದರೆ ಮೈಲಿಗೆ ಹೋಗುತ್ತದೆ, ಅಂಚು ಸೆರಗು ಹೋಗುವುದಿಲ್ಲ. ನನಗೆ ಗೊತ್ತಿದ್ದ ಮಡಿ ಅಷ್ಟೇ. ಅವರು ಮುಗಿಸುವವರೆಗೆ ಬೆಂಚಿನ ಮೇಲೆ ಕೂತು ನರಸಿಂಹಸ್ವಾಮಿಯನ್ನು ನೆನೆದೆ. ಬೇಗ ಮಾಡುವ ದಾರಿಯೂ ಇತ್ತಂತೆ, ಹಾಗೆ ಮಾಡಿದ್ದರೆ ಅಳಿಸಿಹೋದದ್ದನ್ನು ಹುಡುಕಿ ತೆಗೆಯಬಹುದಿತ್ತೇನೋ. ಒಳ್ಳೆಯ ಮನುಷ್ಯ, ಪೂರ್ತಿ ಮಾಡಿದರು.

ಅಕ್ಕ ಮತ್ತೆ ಸಿಕ್ಕಿಸಿ ನೋಡಿದಾಗ ಡ್ರೈವ್ ಖಾಲಿ. ಅವಳು ಬಹಳ ಹೊತ್ತು ನಕ್ಕಳು. ಯಜಮಾನರು ಬೈಯಲಿಲ್ಲ, ಅದೊಂದು ಪುಣ್ಯ. ಎರಡು ದಿನ ಊಟಕ್ಕೆ ಮಾತ್ರ ಮನೆಗೆ ಬಂದರು.

ಮದುವೆಯ ದಿನ ಹೆಣ್ಣು ಕೋಣೆಯ ಬಾಗಿಲಿಗೆ ಬಂದಾಗ ಅಮ್ಮನ ಹಾಡೆಲ್ಲಿ ಎಂದು ಯಾರೋ ಕೇಳಿದರು. ಅಕ್ಕ ಮೈಕ್ ತಂದು ನನ್ನ ಕೈಗೆ ತುರುಕಿದಳು.

"ಅಮ್ಮುನ್ ಗಂಟ್ಲು ತೊಳ್ದೋಳು ಇವ್ಳೇ. ಇವ್ಳೇ ಏಳ್ಲಿ."

ಹೇಳಿದೆ. ಎರಡನೇ ಸಾಲಿಗೆ ದನಿ ಒಡೆಯಿತು. ಮುಂದೆ ಕೂತಿದ್ದ ಹೆಂಗಸರು ನಕ್ಕರು, ಹಸೆಗೆ ಬರುತ್ತಿದ್ದ ಹುಡುಗಿಯೂ ತುಟಿ ಕಚ್ಚಿಕೊಂಡಳು. ಮೂರನೇ ಸಾಲು ನನಗೆ ಬರುತ್ತಿರಲಿಲ್ಲ. ಹೇಗೂ ಅಮ್ಮ ಹೇಳುತ್ತಾಳಲ್ಲ ಎಂದು ಕಲಿತೇ ಇರಲಿಲ್ಲ. ಅಷ್ಟರಲ್ಲಿ ಓಲಗದವರು ಊದಲು ಶುರು ಮಾಡಿದರು. ಸ್ವಾಮಿ ದೊಡ್ಡವನು.

ಆಮೇಲೆ ಅಕ್ಕ ಮದುವೆಯ ವಿಡಿಯೊವನ್ನು ಅದೇ ಡ್ರೈವಿಗೆ ತುಂಬಿ ಕಳಿಸಿದಳು. ದೇವರ ಗೂಡಿನಲ್ಲೇ ಇಟ್ಟಿದ್ದೇನೆ. ಅದರಲ್ಲಿ ನಾನು ಎರಡನೇ ಸಾಲಿಗೆ ನಿಲ್ಲುತ್ತೇನೆ. ವಿಂಡೋಸಿನಲ್ಲೂ ನಿಲ್ಲುತ್ತೇನೆ, ಸೇಬಿನಲ್ಲೂ ನಿಲ್ಲುತ್ತೇನೆ.