ಬೇಚರಾಕ್ ಊರಿಗೆ ಒಂದು ದಿನದ ಜನ

ಕೂಡ್ಲಿಗಿಯಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಮತ್ತು ಮೂರು ಫ್ಲಾಪಿ ಇದ್ದವು. ವಾಂತಿಭೇದಿ ಹರಡಿದರೆ ಯಾವ ಊರಿಗೆ ಎಷ್ಟು ಬ್ಲೀಚಿಂಗ್ ಪೌಡರ್, ಎಷ್ಟು ಸಲೈನ್, ಯಾವ ನರ್ಸ್ ಎಂದು ಹೇಳುವ ಹೊಸ ಪ್ರೋಗ್ರಾಮು ಅವುಗಳಲ್ಲಿತ್ತು. ಕಂಪ್ಯೂಟರ್ ಕೆಲಸದ ನನಗೆ ಅದನ್ನು ಹಡಗಲಿಯ ಆರೋಗ್ಯ ಕಚೇರಿಯ ಕಂಪ್ಯೂಟರಿಗೆ ಹಾಕಿ, ಸಂಜೆಯೊಳಗೆ ಪ್ರಿಂಟ್ ತೆಗೆಯುವ ಹುಕುಂ ಆಗಿತ್ತು.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಕೊಟ್ರಮ್ಮ ಎಂಬ ಹಿರಿಯ ಹೆಂಗಸು ಎರಡು ಹೊಸ ಕೊಡ ತಬ್ಬಿಕೊಂಡು ಕೂತರು. ಊರು ಇಟ್ಟಿಗಿಯ ಆಚೆ. ಅಲ್ಲಿ ವಾಂತಿಭೇದಿ ಶುರುವಾಗಿ ನಾಲ್ಕು ದಿನವಾಗಿತ್ತು. ಕೊಡ ಯಾಕೆಂದು ಕೇಳಿದೆ.

“ನಾಳಿ ಹೊರಬೀಡು ಐತಿ ತಂಗಿ. ಊರೆಲ್ಲ ಖಾಲಿ ಮಾಡಿ, ದಾರಿಗೆ ಮುಳ್ಳು ಬಡದು ಹಳ್ಳದ ದಂಡಿಗೆ ಹೋಗ್ತೀವಿ. ಅಲ್ಲೇ ಅಡಿಗಿ, ಅಲ್ಲೇ ಊಟ. ದೀಪ ಹಚ್ಚೋ ಹೊತ್ತಿಗೆ ಒಳಗ ಬರ್ತೀವಿ. ಬ್ಯಾನಿ ಹೋಗಬೇಕಲ್ಲ?”

ಕುಡಿಯುವ ನೀರಿಗೆ ಉಸುಕಿನಲ್ಲಿ ಒರತಿ ತೋಡುತ್ತಾರಂತೆ. ನಮ್ಮ ಪ್ರೋಗ್ರಾಮು ಪೌಡರನ್ನು ಊರಿನ ಟ್ಯಾಂಕಿಗೆ, ನರ್ಸನ್ನು ಊರಿನ ಶಾಲೆಗೆ ಕಳಿಸುತ್ತಿತ್ತು. ನಾಳೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

ಹಡಗಲಿಗೆ ಪ್ರೋಗ್ರಾಮು ಬರೆದವರೂ, ಮೇಲಿನ ಸಾಹೇಬರೊಬ್ಬರೂ ಬಂದಿದ್ದರು. ವಿಷಯ ಹೇಳಿದೆ. ಜನರನ್ನು ಊರಲ್ಲೇ ಇರಲು ಹೇಳಿ ಎಂದರು ಸಾಹೇಬರು. ನನಗೆ ಸಿಟ್ಟು ನೆತ್ತಿಗೇರಿತು. ರೋಗ ಕಳೆಯಲು ಹೊರಟ ಊರನ್ನು ನಾನು ತಡೆಯಬೇಕಂತೆ! ಪ್ರೋಗ್ರಾಮನ್ನೇ ಹಳ್ಳಕ್ಕೆ ಕಳಿಸಿ ಎಂದೆ.

“ಊರಿಗಿರೋ ಹಾಗೆ ಹಳ್ಳಕ್ಕೆ ಕೋಡ್ ನಂಬರ್ ಇಲ್ಲ ಮೇಡಂ. ಕೋಡ್ ಇಲ್ಲದ ಜಾಗಕ್ಕೆ ಇದು ಏನೂ ಕೊಡಲ್ಲ,” ಎಂದರು ಬರೆದವರು. ಪ್ರಿಂಟಿನಲ್ಲಿ ಹೆಸರಿಲ್ಲದಿದ್ದರೆ ಉಗ್ರಾಣದವರು ಹಿಡಿ ಪೌಡರೂ ಕೊಡುತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಎದ್ದರು. ನಾನು ಏಳಲಿಲ್ಲ. ಕೂತಲ್ಲೇ ರೊಟ್ಟಿ ಮುರಿಯುತ್ತಾ ಗೋಡೆಯ ನಕ್ಷೆ ನೋಡಿದೆ. ಆ ಹಳ್ಳದ ದಂಡೆ ಒಂದು ಬೇಚರಾಕ್ ಗ್ರಾಮದ ಗಡಿಯೊಳಗಿತ್ತು. ಜನ ಬಿಟ್ಟುಹೋಗಿ ಎಷ್ಟೋ ಕಾಲವಾಗಿ, ಕಾಗದದಲ್ಲಷ್ಟೇ ಉಳಿದ ಊರು ಅದು. ಆದರೆ ಅದಕ್ಕೆ ಕೋಡ್ ಇತ್ತು! ಜನಸಂಖ್ಯೆ ಸೊನ್ನೆ ಇದ್ದಲ್ಲಿ ಕೊಟ್ರಮ್ಮನ ಊರಿನ ಅಷ್ಟೂ ಜನರನ್ನು ತುಂಬಿ ಗುಂಡಿ ಒತ್ತಿದೆ. ಪ್ರಿಂಟಿನಲ್ಲಿ ಪೌಡರು, ಸಲೈನು, ನರ್ಸು ಎಲ್ಲ ಬಂತು.

ಇದು ಸುಳ್ಳು ಮಾಹಿತಿ ಎಂದು ಸಾಹೇಬರು ಗುಡುಗಿದರು.

“ಊರಾಗ ಜನ ಅದಾರ ಅಂತ ಬರದ್ರ ಅದು ಸುಳ್ಳು ಆಗ್ತೈತ್ರಿ,” ಎಂದೆ. “ನೋಟಿಸ್ ಕೊಡ್ರಿ, ತಗೋತೀನಿ. ಇದನ್ನ ಮಾತ್ರ ಅಳಸೂದಿಲ್ಲ.”

ಸಾಹೇಬರು ಪ್ರಿಂಟಿಗೆ ಸಹಿ ಹಾಕಿದರು. ನನಗೆ ನೋಟಿಸೂ ಬಂತು.

ಮರುದಿನ ಮಧ್ಯಾಹ್ನ ವಾಪಸು ಬರುವಾಗ ಇಟ್ಟಿಗಿಗೆ ಮುಂಚೆಯೇ ಇಳಿದೆ. ಊರಿನ ದಾರಿಗೆ ಜಾಲಿ ಮುಳ್ಳು ಬಿದ್ದಿತ್ತು. ಹಳ್ಳದ ದಂಡೆಯಲ್ಲಿ ಒಲೆಗಳು ಉರಿಯುತ್ತಿದ್ದವು, ನರ್ಸಮ್ಮ ಒರತಿಯ ಪಕ್ಕದಲ್ಲೇ ಕೂತಿದ್ದಳು. ಕೊಟ್ರಮ್ಮ ಹೊಸ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟರು.

“ಹಾಳಾದ ಔಷಧದ ವಾಸ್ನಿ ಐತಿ ತಂಗಿ, ಮೂಗು ಮುಚ್ಚಿಕೊಂಡು ಕುಡಿ.”

ಮೂಗು ಮುಚ್ಚಲಿಲ್ಲ. ಎರಡು ಲೋಟ ಕುಡಿದೆ.