ಅವರು ತುಂಬಿಸಿಟ್ಟ ಎಣ್ಣೆ

ನನ್ನ ಗಂಡ ತೀರಿಕೊಂಡಾಗ ಮನೆಯ ಹಿಂದಿನ ಟ್ಯಾಂಕಿನಲ್ಲಿ ಅವರೇ ನಿಂತು ತುಂಬಿಸಿದ್ದ ಎಣ್ಣೆ ಇತ್ತು. ಅದು ನನ್ನದು, ಇನ್ನು ಯಾರದ್ದೂ ಅಲ್ಲ ಎಂದು ಆ ಚಳಿಗಾಲ ನಾನು ಹಠ ಹಿಡಿದೆ. ಹಠವೆಲ್ಲ ಇದ್ದದ್ದು ಅವರ ಅಕ್ಕನ ಮೇಲೆ.

ನಮ್ಮ ಮನೆ ಲಾಸ್ ಆಲ್ಟೋಸ್ ಊರಿನ ಮೇಲಿನ ಬೆಟ್ಟದಲ್ಲಿದೆ. ಕೆಳಗಿನ ಮನೆಗಳ ಬೆಲೆ ಸಂಬಳಕ್ಕಿಂತ ಬೇಗ ಏರುತ್ತಿದ್ದ ಕಾಲ ಅದು. ನನ್ನ ಗಂಡ ಕೆಲಸ ಮಾಡುತ್ತಿದ್ದಂಥ ಇಂಟರ್ನೆಟ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದವು. ಏನು ತಯಾರಿಸುತ್ತೀರಿ ಎಂದು ಕೇಳಿದರೆ ಅವರೂ ಸ್ವಲ್ಪ ಯೋಚಿಸಿಯೇ ಹೇಳುತ್ತಿದ್ದರು. ನಮ್ಮ ಕೈಗೆ ಎಟುಕಿದ್ದು ಗ್ಯಾಸಿನ ಪೈಪು ಮುಗಿದ ಮೇಲೆ ಶುರುವಾಗುವ ರಸ್ತೆಯ ಒಂದು ಹಳೆಯ ಮನೆ. ಅದನ್ನು ಬೆಚ್ಚಗಿಡಲು ಎಣ್ಣೆಯಲ್ಲಿ ಉರಿಯುವ ಫರ್ನೇಸು. ಎಣ್ಣೆಯ ಲಾರಿ ಬಂದು ಟ್ಯಾಂಕು ತುಂಬಿಸಿ ಹೋಗಬೇಕು, ಮುಗಿದರೆ ಮನೆ ತಣ್ಣಗೆ. ಕೆಳಗಿನ ತಿರುವಿನ ತನಕ ಎಲ್ಲರಿಗೂ ಗ್ಯಾಸು ಇತ್ತು. ಆ ಮನೆಗಳ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ಸಾಕು, ಅವರಿಗೆ ಮತ್ತೇನೂ ಯೋಚನೆ ಇಲ್ಲ.

ನಮ್ಮ ಎಣ್ಣೆಗೆ ಸೀಮೆಎಣ್ಣೆಯ ವಾಸನೆ. ಮೈಸೂರಿನಲ್ಲಿ ಪಂಪ್ ಸ್ಟವ್ ಒತ್ತಿ ಬೆಳೆದವಳು ನಾನು, ಕಡಲು ದಾಟಿ ಇಷ್ಟು ದೂರ ಬಂದೂ ಇದೇ ವಾಸನೆಯಾ ಎಂದು ಮೊದಲ ದಿನ ಅಳು ಬಂತು. ಅವರಿಗೆ ಮಾತ್ರ ಖುಷಿ. ಅವರ ತಂದೆ ಹುಬ್ಬಳ್ಳಿಯ ಓಣಿಗಳಲ್ಲಿ ತಳ್ಳುಗಾಡಿಯ ಮೇಲೆ ಬ್ಯಾರಲ್ ಇಟ್ಟುಕೊಂಡು ಸೀಮೆಎಣ್ಣೆ ಮಾರುತ್ತಿದ್ದರು. ಇವರು ಅದನ್ನು ಯಾರಿಂದಲೂ ಮುಚ್ಚಿಟ್ಟವರಲ್ಲ.

ಟ್ಯಾಂಕಿನ ಮೀಟರು ಕೆಟ್ಟು ನಿಂತಿತ್ತು. ಅದನ್ನು ಸರಿಮಾಡಿಸದೆ ಇವರು ಒಂದು ಉದ್ದನೆಯ ಮರದ ಪಟ್ಟಿ ಇಟ್ಟುಕೊಂಡಿದ್ದರು. ಶನಿವಾರ ಎದ್ದವರೇ ಚಹಾ ಕೂಡ ಕುಡಿಯದೆ ಅಡುಗೆಮನೆಗೆ ಬಂದು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕುವರು. ಒಂದು ಚಿಟಿಕೆ ಹಿಟ್ಟನ್ನು ಪಟ್ಟಿಯ ಮೇಲೆ ಉಜ್ಜಿ ಟ್ಯಾಂಕಿನೊಳಗೆ ಇಳಿಸುವರು. ಹಿಟ್ಟು ಎಣ್ಣೆ ಕುಡಿದಷ್ಟು ದೂರ ಕಪ್ಪಗಾಗಿ, ಮೇಲೆ ಬೆಳ್ಳಗೆ ಉಳಿದು, ನಡುವೆ ಗೆರೆ ಎದ್ದು ಕಾಣುವುದು. ಆ ಗೆರೆಯ ಮೇಲೆ ಮೆಲ್ಲಗೆ ಉಫ್ ಎಂದು ಊದಿ, ಟ್ಯಾಂಕಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, "ಅದಾಳ, ಇನ್ನೂ ಅರ್ಧ ಅದಾಳ" ಎನ್ನುವರು.

"ಅದಾಳಂತೆ! ಅವಳನ್ನೇ ಮದುವೆ ಆಗಬೇಕಿತ್ತು. ನನ್ನ ಹೊಟ್ಟೆ ತುಂಬಿದೆಯಾ ಅಂತ ಒಂದು ದಿನ ಕೇಳಿದ್ದೀರಾ?" ಎಂದು ನಾನು.

"ನಿನ್ನ ಹೊಟ್ಟಿಗೆ ಕೋಲು ಯಾಕ ಬೇಕು? ಮಾರಿ ನೋಡಿದ್ರ ಗೊತ್ತಾಗತೈತಿ."

"ಒಳ್ಳೇ ಹಿಟ್ಟು ಹಾಳು. ಇದನ್ನ ಯಾರು ಹೇಳಿಕೊಟ್ಟರು ನಿಮಗೆ?"

"ಯಾರ್ ಹೇಳಿಕೊಡಬೇಕು? ನಂದ ಐಡಿಯಾ."

ನಾನು ನಂಬಿದ್ದೆ.

ಆ ವರ್ಷವೂ ಚಳಿ ಬರುವ ಮುಂಚೆ ಟ್ಯಾಂಕು ತುಂಬಿಸಿದರು. ಮೊದಲ ಮಳೆ ಬಿದ್ದ ವಾರ, ಆಫೀಸಿನಲ್ಲಿ ಮೀಟಿಂಗಿನ ನಡುವೆ ಎದೆ ಹಿಡಿದುಕೊಂಡು ಕುಸಿದರಂತೆ. ಅದರ ಬಗ್ಗೆ ಇನ್ನೂ ಬರೆಯಲಾರೆ.

ನಾನು ಇದ್ದತ್ ಹಿಡಿದೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಡದೆ, ಹೊರಗಿನ ಗಂಡಸರ ಎದುರು ಬಾರದೆ ಇರುವ ನಮ್ಮ ಪದ್ಧತಿ ಅದು. ಜೊತೆಗಿರಲು ವಾಲ್ನಟ್ ಕ್ರೀಕಿನಿಂದ ಅವರ ಅಕ್ಕ ಬಂದರು. ಓಕ್ಲ್ಯಾಂಡಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಅವರಿಗೆ. ರಜೆ ಹಾಕಿ ಬಂದಿದ್ದರು. ಅವರನ್ನು ನಾವೆಲ್ಲ ಆಪಾ ಎನ್ನುತ್ತೇವೆ. ನಮ್ಮಲ್ಲಿ ದುವಾ, ಮದುವೆ ಮಾತು, ನೆಂಟರ ಉಪಚಾರ ಉರ್ದುವಿನಲ್ಲಿ ನಡೆಯುತ್ತವೆ. ಆಪಾ ಮತ್ತು ನಾನು ಜಗಳವಾಡಿದ್ದು ಮಾತ್ರ ಯಾವಾಗಲೂ ಕನ್ನಡದಲ್ಲಿ.

ಮಾತಾಡಿಸಲು ಬಂದ ಹೆಂಗಸರು ಬಾಗಿಲಲ್ಲೇ ಆಪಾನನ್ನು ಅಪ್ಪಿಕೊಳ್ಳುತ್ತಿದ್ದರು, ಆಮೇಲೆ ನನ್ನನ್ನು. ಆಪಾ ಚೆನ್ನಾಗಿ ಅಳುತ್ತಿದ್ದರು. ತಮ್ಮನಿಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ದವಾಖಾನೆಗೆ ಓಡಿದ್ದು, ತಮ್ಮ ಕದ್ದ ಬೆಲ್ಲಕ್ಕೆ ತಾವು ಏಟು ತಿಂದದ್ದು, ಎಲ್ಲವನ್ನೂ ಹೇಳಿ ಅಳುತ್ತಿದ್ದರು. ಕೇಳಿದವರ ಕಣ್ಣೂ ತುಂಬುತ್ತಿತ್ತು. ನನ್ನ ಹತ್ತಿರ ಹೇಳಲು ಏನಿತ್ತು? ಫ್ರೀವೇಯಲ್ಲಿ ಟ್ರಾಫಿಕ್ ಇದೆ, ಲೇಟಾಗುತ್ತೆ ಎಂಬ ಫೋನು. ಗ್ರೋಸರಿಗೆ ಹೋಗಿ ಹಾಲು ಮರೆತು ಬಂದದ್ದು. ಅಂಥ ದಿನಗಳನ್ನು ಹೇಳಿದರೆ ಯಾರೂ ಅಳುವುದಿಲ್ಲ. ಮೂಲೆಯಲ್ಲಿ ಕುಳಿತು ಆಪಾನ ಕಣ್ಣೀರು ನೋಡುತ್ತ, ಆಪಾ ಇಲ್ಲದಿದ್ದರೆ ಇವತ್ತು ಎಲ್ಲರೂ ನನ್ನನ್ನು ಮೊದಲು ಅಪ್ಪಿಕೊಳ್ಳುತ್ತಿದ್ದರು ಎಂದುಕೊಳ್ಳುತ್ತಿದ್ದೆ.

ನನ್ನದು ಎನ್ನಲು ಉಳಿದದ್ದು ಆ ಎಣ್ಣೆ. ಗ್ಯಾಸು ಪೈಪಿನಲ್ಲಿ ಬರುತ್ತದೆ, ಅದನ್ನು ತುಂಬಿಸಿಟ್ಟವರು ಯಾರೂ ಇರುವುದಿಲ್ಲ. ಇದನ್ನು ಅವರು ತುಂಬಿಸಿದ್ದರು, ನನಗೂ ಮಗಳಿಗೂ ಚಳಿಯಾಗಬಾರದೆಂದು. ಇದ್ದತ್ ಮುಗಿಯುವವರೆಗಾದರೂ ಅದು ಉಳಿಯಲಿ ಎಂದು ಫರ್ನೇಸಿನ ಬಿಸಿ ಇಳಿಸಿಡುತ್ತಿದ್ದೆ. ಆಪಾ ಹಾದುಹೋಗುತ್ತ ಏರಿಸಿಡುತ್ತಿದ್ದರು. ಫರ್ನೇಸು ಧಬ್ ಎಂದು ಹೊತ್ತಿಕೊಂಡಾಗಲೆಲ್ಲ ಟ್ಯಾಂಕಿನ ಗೆರೆ ಇಳಿಯುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಬದುಕಿದ್ದಾಗ ತಮ್ಮನ ಮೇಲೆ ಆಪಾಗೆ ಹಕ್ಕಿತ್ತು, ಈಗ ಅವನು ಬಿಟ್ಟುಹೋದ ಬಿಸಿಯಲ್ಲೂ ಆಪಾನೇ ಮೈ ಕಾಯಿಸಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಮಗಳು ಜಾಕೆಟ್ ತೊಟ್ಟುಕೊಂಡೇ ತಿಂಡಿಗೆ ಬಂದಳು. "ಅಮ್ಮೀ, ಐ ಕ್ಯಾನ್ ಸೀ ಮೈ ಬ್ರೆತ್," ಎಂದು ಬಾಯಿಂದ ಹೊಗೆ ಬಿಟ್ಟು ತೋರಿಸಿದಳು.

ಆಪಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಮತ್ತ ಇಳಿಸಿದಿ?"

"ಖರ್ಚಾಗುತ್ತೆ ಆಪಾ."

"ಖರ್ಚಾಗಾಕ ಅಲ್ಲೇನು ತುಂಬಿಸಿದ್ದು? ಸತ್ತಾಂವನ ಎಣ್ಣಿ ಉಳಿಸಾಕ ಹೋಗಿ ಬದುಕಿದ್ದ ಕೂಸಿನ್ನ ಕೊಲ್ತಿಯೇನು?"

"ನಿಮಗೆ ಥಂಡಿ ಆದರೆ ನಿಮ್ಮನೇಲಿ ಗ್ಯಾಸಿದೆ."

ಹೇಳಬಾರದಿತ್ತು, ಹೇಳಿಬಿಟ್ಟೆ. ಆಪಾ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. "ಐತಿ. ಆದ್ರ ನನ್ನ ತಮ್ಮನ ಮನಿ ಇದು," ಎಂದು ಹಿತ್ತಲಿಗೆ ಹೋಗಿ ಟ್ಯಾಂಕು ಬಡಿದು ಬಂದರು. "ತಳಕ್ಕ ಹತ್ತೇತಿ. ಲಾರಿ ಕರಸ್ತೀನಿ." ಫೋನು ಮಾಡಿಯೂಬಿಟ್ಟರು.

ನನ್ನ ಗಂಡ ತುಂಬಿಸಿದ ಎಣ್ಣೆಯ ಮೇಲೆ ಇನ್ನಾರದೋ ಕೈ ಎಣ್ಣೆ ಸುರಿಯುತ್ತದೆ, ಆಮೇಲೆ ಯಾವುದು ಯಾವುದೆಂದು ಬೇರೆ ಮಾಡಲು ಆಗುವುದಿಲ್ಲ ಎಂದು ಎರಡು ದಿನ ಸಂಕಟಪಟ್ಟೆ.

ಲಾರಿ ಬಂದ ದಿನ ನಾನು ಡ್ರೈವರಿನ ಎದುರು ಹೋಗುವಂತಿರಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದೆ. ಅವನು ಪೈಪು ಎಳೆದು ತರುತ್ತಿದ್ದ. ಆಪಾ "ವೇಟ್, ವೇಟ್" ಎಂದು ಕೂಗುತ್ತ ಮರದ ಪಟ್ಟಿ ಹಿಡಿದು ಚಪ್ಪಲಿ ಕಾಲಲ್ಲೇ ಒಳಗೆ ಬಂದರು. ಒಂದು ಮಾತೂ ಕೇಳದೆ ಜೋಳದ ಹಿಟ್ಟಿನ ಡಬ್ಬಿ ತೆಗೆದು, ಒಂದು ಚಿಟಿಕೆ ಪಟ್ಟಿಗೆ ಉಜ್ಜತೊಡಗಿದರು.

ಹಿಟ್ಟಿನ ಆ ಉಪಾಯವನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ಆಪಾ, ಅದು... ಅದು ಇವರ ಐಡಿಯಾ."

"ಯಾರ ಐಡಿಯಾ?"

"ಇವರದು. ಇವರೇ ಕಂಡುಹಿಡಿದದ್ದು."

ತಮ್ಮ ಸತ್ತ ಮೇಲೆ ಆಪಾ ನಕ್ಕದ್ದನ್ನು ಅವತ್ತೇ ನೋಡಿದ್ದು. "ಅವನ ಐಡಿಯಾ! ಅವಂಗ ಆಗ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರ್ತಿರಲಿಲ್ಲ. ನಮ್ಮ ಅಬ್ಬಾ ಕೆಮ್ಮು ಹತ್ತಿ ಮಲಗಿದಾಗ ಗಾಡಿ ತಳ್ಳಿದಾಕಿ ನಾನು. ಬ್ಯಾರಲ್ ಅಳಿಯಾಕ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಅಮ್ಮನ ಕೈಲೆ ಬಡಿಸಿಕೊಂಡಾಕಿನೂ ನಾನ. ಅಂವ ಗಾಡಿ ಮ್ಯಾಲೆ ನವಾಬನಂಗ ಕುಂತಿರ್ತಿದ್ದ. ಸುಳ್ಳಬುರುಕ!"

ಹೊರಗೆ ಡ್ರೈವರು ಕಾಯುತ್ತಿದ್ದ. ಆಪಾ ಹೋದರು. ನನಗೆ ಮೊದಲು ಅವರ ಮೇಲಲ್ಲ, ಸತ್ತವರ ಮೇಲೆ ಸಿಟ್ಟು ಬಂತು. ನನ್ನ ಅಡುಗೆಮನೆಯಲ್ಲಿ, ನನ್ನ ಹಿಟ್ಟಿನಿಂದ, ನನ್ನೆದುರು ಮಾಡುತ್ತಿದ್ದ ಅದೊಂದಾದರೂ ನಮ್ಮಿಬ್ಬರದೇ ಎಂದುಕೊಂಡಿದ್ದೆ. ಅದೂ ಅಕ್ಕನದೇ.

ಕಿಟಕಿಯ ಪರದೆ ಸರಿಸಿ ನೋಡಿದೆ. ಆಪಾ ಪಟ್ಟಿ ಇಳಿಸಿದರು, ಎತ್ತಿದರು. ತಲೆ ಒಂದು ಕಡೆ ವಾಲಿಸಿ ಗೆರೆಯ ಮೇಲೆ ಉಫ್ ಎಂದು ಊದಿದರು. ಬೆರಳ ಗೆಣ್ಣಿನಿಂದ ಟ್ಯಾಂಕಿಗೆ ಟಕ್ ಟಕ್. ತುಟಿ ಅಲ್ಲಾಡಿತು, ಅದಾಳ ಎಂದಿರಬೇಕು. ಆ ಕುತ್ತಿಗೆ, ಆ ಮೊಣಕೈ, ಬಡಿದ ಮೇಲೆ ಕಿವಿ ಕೊಟ್ಟು ನಿಲ್ಲುವ ಆ ರೀತಿ. ಎಲ್ಲವೂ ಇವರದೇ. ಪರದೆಯ ಅಂಚು ಹಿಡಿದು ನೋಡುತ್ತಲೇ ನಿಂತೆ. ಹೊಸ ಎಣ್ಣೆ ಯಾವಾಗ ಹರಿಯತೊಡಗಿತು, ಹಳೆಯದರಲ್ಲಿ ಯಾವಾಗ ಬೆರೆಯಿತು, ನೋಡಲೇ ಇಲ್ಲ.

ಆಪಾ ಒಳಗೆ ಬಂದಾಗ ಹೇಳಿದೆ, "ತುಂಬಿದ ಮೇಲೂ ಒಂದು ಸಲ ಅದ್ದಿ ನೋಡಿ ಆಪಾ. ಕಡಿಮೆ ಹಾಕಿದ್ದರೆ?"

"ಅದೂ ಖರೆ," ಎಂದು ಮತ್ತೆ ಹಿಟ್ಟು ಉಜ್ಜಿಕೊಂಡು ಹೋದರು. ನಾನು ಮತ್ತೆ ಕಿಟಕಿಗೆ ಹೋದೆ.

ಇದ್ದತ್ ಮುಗಿಯಿತು. ಮುಂದೆ ಕೆಳಗಿನ ಎಷ್ಟೋ ಆಫೀಸುಗಳು ಖಾಲಿಯಾದವು, ಇವರ ಕಂಪನಿಯ ಬೋರ್ಡೂ ಇಳಿಯಿತು. ಮಗಳು ಹೊಸ ಮೀಟರು ಹಾಕಿಸೋಣ ಎಂದಳು, ಬೇಡ ಎಂದೆ. ಒಂದು ದಿನ ಯಾರೂ ಇಲ್ಲದಾಗ ನಾನೇ ಹಿಟ್ಟು ಉಜ್ಜಿ ಪಟ್ಟಿ ಅದ್ದಿದೆ. ಕಷ್ಟವೇನಲ್ಲ, ಗೆರೆ ನೆಟ್ಟಗೆ ಮೂಡಿತು. ಆದರೆ ಪಟ್ಟಿ ಹಿಡಿದದ್ದು ನನ್ನ ಕೈ, ಇವರದಲ್ಲ.

ಹಾಗಾಗಿ ಎಣ್ಣೆ ತರಿಸುವಾಗಲೆಲ್ಲ ಆಪಾಗೆ ಫೋನು ಮಾಡುತ್ತೇನೆ. ವಾಲ್ನಟ್ ಕ್ರೀಕಿನಿಂದ ಅಷ್ಟು ದೂರ ಗೊಣಗುತ್ತಲೇ ಬರುತ್ತಾರೆ. "ಇಷ್ಟು ವರ್ಷ ಆತು, ಒಂದು ಕೋಲು ಅದ್ದಾಕ ಕಲೀಲಿಲ್ಲಲ್ಲ ನೀ. ಮೈಸೂರಿನ ರಾಣಿ!"

"ನನಗೆ ಬರಲ್ಲ ಆಪಾ," ಎನ್ನುತ್ತೇನೆ. ಹಿಟ್ಟಿನ ಡಬ್ಬಿ ಇಳಿಸಿಕೊಡುತ್ತೇನೆ. ಅವರು ಹಿತ್ತಲಿಗೆ ಹೋದ ಮೇಲೆ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಇವರ ಆ ಕೈ ಆಪಾಗೆ ಸಿಕ್ಕಿದೆ, ನನಗಿಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಟಕ್ ಟಕ್ ಕೇಳುವವರೆಗೂ ಅಲ್ಲಿಂದ ಕದಲುವುದಿಲ್ಲ.